ಚೆಲ್ಲದ ನೀರು

ಗೋಡೆಯ ಮೇಲೆ ಏನೋ ಅಲುಗಿತು, ಹಲ್ಲಿಯಿರಬೇಕು ಅಂದುಕೊಂಡರೆ ಹಲ್ಲಿಯಲ್ಲ, ಬೆಳಕು — ಮಾಳಿಗೆಯ ಗವಾಕ್ಷಿಯಿಂದ ಇಳಿದ ಬಿಸಿಲು ಗಾಜಿನ ತೊಟ್ಟಿಯ ನೀರಿಗೆ ಬಿದ್ದು ಅಲ್ಲಿಂದ ಸುಣ್ಣದ ಗೋಡೆಗೆ ಹಾರಿ ತೆಳ್ಳಗೆ ನಡುಗುತ್ತಿದೆ, ಬೆಳಕು ನಡುಗಿದೆಯೆಂದರೆ ನೀರು ನಡುಗಿದೆ, ನೀರು ನಡುಗಿದೆಯೆಂದರೆ ಅದು ಮೇಲಕ್ಕೆ ಬಂದಿದೆ, ಅಯ್ಯೋ, ಇವತ್ತೇ ಬರಬೇಕೇ. ಸರಸ್ವತಿಬಾಯಿ ಸೌಟನ್ನು ಕೈಯಲ್ಲೇ ಹಿಡಿದು ಅಡಿಗೆಮನೆಯ ಹೊಸ್ತಿಲಿಗೆ ಬಂದು ನಡುಮನೆಯತ್ತ ಕತ್ತು ಚಾಚಿದಳು. ಹೌದು, ಬಂದಿದೆ. ಹೆಬ್ಬೆರಳಿನಷ್ಟೂ ಇಲ್ಲದ ಮೀನು, ನೀರಿನ ಮೇಲ್ಮೈಗೆ ಮೂತಿ ತಾಗಿಸಿಕೊಂಡು ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ, ತೆರೆಯುತ್ತಿದೆ, ಏನೋ ಹೇಳಲು ಬಂದು ದನಿ ಮರೆತವರ ಹಾಗೆ. ಆಷಾಢದಲ್ಲಿ ಆ ಆರು ಮೀನುಗಳೂ ಹೀಗೇ ಮಾಡಿದ್ದವು, ಹೀಗೇ ಮೇಲೆ ಬಂದು, ಸಾಲಾಗಿ, ಆರು ಬಾಯಿ — ಬೇಡ, ಅದು ಈಗ ಬೇಡ, ಒಲೆಯ ಮೇಲೆ ಹಯಗ್ರೀವ ತಳ ಹಿಡಿದೀತು. ಉತ್ಥಾನ ದ್ವಾದಶಿಯ ಪಾರಣೆ ಬೆಳಗಾಗುವಾಗಲೇ ಮುಗಿದಿದೆ, ಇದು ಪಾರಣೆಯದಲ್ಲ, ವಿಜಯಾಳಿಗೆಂದು, ಸೊಸೆಗೆ ಕಡಲೆಬೇಳೆ ಬೆಲ್ಲ ಅಂದರೆ ಪ್ರಾಣ, ಈ ಮನೆಯಲ್ಲಿ ಅವಳು ಇಷ್ಟಪಟ್ಟು ತಿಂದದ್ದು ಅದೊಂದೇ ಇರಬೇಕು. ಸಿರುಗುಪ್ಪದ ಬಸ್ಸು ಹತ್ತಕ್ಕೆ ಬರುತ್ತದೆ, ವಾಸುದೇವ ಆಗಲೇ ಜಟಕಾ ಮಾಡಿಕೊಂಡು ಸ್ಟ್ಯಾಂಡಿಗೆ ಹೋಗಿದ್ದಾನೆ, ಮಗ ಹೋಗುವಾಗ ಹೋಗಿಬರ್ತೀನಿ ಅಂತ ಕೂಡ ಅನ್ನಲಿಲ್ಲ, ಮೊಳೆಯ ಮೇಲಿನ ಟೊಪ್ಪಿಗೆ ತೆಗೆದುಕೊಂಡ, ಅಷ್ಟೆ. ಬೀಗರು ರಾಘಣ್ಣನವರ ಕಾರ್ಡು ದೇವರ ಗೂಡಿನ ಪಕ್ಕದಲ್ಲಿ ಸಿಕ್ಕಿಸಿದೆ, ಎಷ್ಟು ಸಲ ಓದಿದರೂ ಅದೇ ಎರಡು ಸಾಲು, ವಿಜಯಾ ಒಮ್ಮೆ ಬಂದು ನೋಡಿಕೊಂಡು ಬರುತ್ತೇನೆ ಎನ್ನುತ್ತಾಳೆ, ಕಳಿಸುತ್ತಿದ್ದೇವೆ, ಉಳಿಯುವುದು ಬಿಡುವುದು ಅವಳ ಮನಸ್ಸು. ನಾಲ್ಕು ತಿಂಗಳಾಯಿತು ಅವಳು ತವರಿಗೆ ಹೋಗಿ. ನೋಡಿಕೊಂಡು ಅಂದರೆ ಏನನ್ನು ನೋಡಿಕೊಂಡು, ಮನೆಯನ್ನೇ, ಗಂಡನನ್ನೇ, ಇಲ್ಲ ಅತ್ತೆ ಅನ್ನಿಸಿಕೊಂಡವಳ ಮುಖವನ್ನೇ.

ಕೈ ಸುಮ್ಮನಿರುತ್ತಿಲ್ಲ. ಹಿತ್ತಲ ಬಾವಿಯಿಂದ ಈಗಷ್ಟೆ ಸೇದಿದ ನೀರು ಕೊಡದಲ್ಲಿದೆ, ತಣ್ಣಗೆ, ತಿಳಿಯಾಗಿ, ತೊಟ್ಟಿಯ ಆ ಹಳೇ ನೀರನ್ನು ಮೊಗೆದು ಚೆಲ್ಲಿ ಇದನ್ನು ಹೊಯ್ದರೆ ಪಾಪದ ಪ್ರಾಣಿ ಉಸಿರಾಡೀತು ಎಂದು ಕೈ ಹೇಳುತ್ತದೆ, ಕೈಗೆ ಗೊತ್ತಿರುವುದು ಅದೊಂದೇ, ಹನ್ನೊಂದನೇ ವಯಸ್ಸಿಗೆ ಕುರುಗೋಡಿನಿಂದ ಬಂಡಿ ಹತ್ತಿ ಬಳ್ಳಾರಿಗೆ, ಸತ್ಯನಾರಾಯಣಪೇಟೆಯ ಈ ಮನೆಗೆ ಬಂದಾಗಿನಿಂದ ನಲವತ್ತೊಂದು ವರ್ಷ, ಬೆಳಕು ಹರಿಯುವ ಮುನ್ನ ಒದ್ದೆ ಸೀರೆಯಲ್ಲಿ ನಿಂತು ನಿನ್ನೆಯ ನೀರನ್ನೆಲ್ಲ ಚೆಲ್ಲಿ, ತಾಮ್ರದ ಕೊಡ ತಂಬಿಗೆಗಳನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಮಡಿಯಿಂದ ಹೊಸ ನೀರು ತುಂಬಿದ ಕೈ ಇದು. ರಾತ್ರಿ ಕಳೆದ ನೀರು ದೇವರಿಗೂ ಬರದು, ಒಲೆಗೂ ಬರದು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಉಸಿರಾಡುವುದನ್ನು ಹೇಳಿಕೊಡುತ್ತಾರೆಯೇ. ಚಾತುರ್ಮಾಸ್ಯ ಇವತ್ತಿಗೆ ಮುಗಿಯಿತು, ಮೊದಲ ತಿಂಗಳು ತರಕಾರಿ ಬಿಟ್ಟಳು, ಆಮೇಲೆ ಮೊಸರು, ಆಮೇಲೆ ಹಾಲು, ಆಮೇಲೆ ಬೇಳೆ, ಒಂದೂ ಕಷ್ಟವಾಗಲಿಲ್ಲ, ನಾಲಿಗೆ ಹೇಳಿದ ಹಾಗೆ ಕೇಳುತ್ತದೆ, ಕಷ್ಟವಾದದ್ದು ಈ ತೊಟ್ಟಿಯ ನೀರನ್ನು ಚೆಲ್ಲದೆ ಬಿಟ್ಟದ್ದು, ಎರಡು ತಿಂಗಳಿಗೆ ಎರಡು ದಿನ ಕಡಿಮೆ, ದಿನಾ ಬೆಳಿಗ್ಗೆ ಎದ್ದು ತೊಟ್ಟಿಯ ಮುಂದೆ ಕೈಕಟ್ಟಿ ನಿಂತು ಕೃಷ್ಣಾ ಕೃಷ್ಣಾ ಎಂದು ಒಳಗೆ ಹೋಗುವುದು. ಇಂಥ ವ್ರತ ಯಾವ ಪುಸ್ತಕದಲ್ಲಿದೆ, ಯಾವ ಆಚಾರ್ಯರು ಇದಕ್ಕೆ ಫಲ ಹೇಳಿಯಾರು. ಓಣಿಯ ಹೆಂಗಸರಿಗಂತೂ ಒಳ್ಳೇ ಪುರಾಣ ಸಿಕ್ಕಿದೆ, ಸರಸ್ವತಿಬಾಯಾರ, ಮೀನು ಸಾಕ್ತೀರಂತ, ಬರೋ ವರ್ಷ ಕೋಳೀನೂ ಬರ್ತಾವೇನ್ರಿ, ಸ್ವಾಮಿ ಮೊದಲನೇ ಅವತಾರ ಯಾವುದರಲ್ಲಿ ಎತ್ತಿದಾನ ಹೇಳ್ರಿ ಅಂತ ಇವಳು ತಿರುಗಿ ಕೇಳಿದ್ದಕ್ಕೆ ಅವರೆಲ್ಲ ನಕ್ಕರು, ಇವಳಿಗೂ ನಗು ಬಂತು.

ತೊಟ್ಟಿ ತಂದದ್ದು ವಾಸುದೇವ, ವೈಶಾಖದಲ್ಲಿ. ಫಾಲ್ಗುಣದಲ್ಲಿ ಕೂಸು ಹೋಯಿತು, ಹುಟ್ಟಿ ಹೋದದ್ದಲ್ಲ, ಹೋಗಿಯೇ ಹುಟ್ಟಿತು, ಅದಾದ ಮೇಲೆ ವಿಜಯಾ ಮಾತು ಬಿಟ್ಟಳು, ಮೂಕಿಯಾದಳು ಅಂತಲ್ಲ, ಕೇಳಿದ್ದಕ್ಕೆ ಹೂಂ, ಬಡಿಸಿದ್ದಕ್ಕೆ ಸಾಕು, ಉಳಿದಂತೆ ಕಂಬಕ್ಕೆ ಒರಗಿ ಕೂತರೆ ಕೂತಳು, ಹತ್ತೊಂಬತ್ತು ವರ್ಷದ ಹುಡುಗಿ. ಮಗ ಸಾಲಿಯಲ್ಲಿ ಸಾಯನ್ಸು ಹೇಳುವ ಮಾಸ್ತರ, ಬೇರೆ ಗಂಡನಾಗಿದ್ದರೆ ಸೀರೆ ತರುತ್ತಿದ್ದ, ಇವನು ಕೌಲ್ ಬಜಾರಿನಲ್ಲಿ ಕಬ್ಬಿಣದ ಚೌಕಟ್ಟು ಹಾಕಿಸಿ ನಾಲ್ಕು ಗಾಜು ಕೂಡಿಸಿ ಸಂದಿಗೆ ಪುಟ್ಟಿ ಮೆತ್ತಿಸಿಕೊಂಡು ಬಂದ. ಮೀನು ಎಲ್ಲಪ್ಪಾ ಅಂದರೆ ಮೀನು ಈಗಲೇ ಅಲ್ಲಮ್ಮಾ, ಇನ್ನೂ ಒಂದು ತಿಂಗಳು ಅದ. ಪುಟ್ಟಿಯ ವಾಸನೆ ಹೋಗುವ ತನಕ ಮೂರು ಸಲ ನೀರು ತುಂಬಿ ಚೆಲ್ಲಿದ, ಹಗರಿ ಹೊಳೆಯ ಮರಳನ್ನು ತೊಳೆದು ತೊಳೆದು ಹಾಸಿದ, ಸಿರುಗುಪ್ಪದಿಂದ ಬೀಗರು ಕಾಲುವೆಯ ನೀರುಗಿಡ ಕಳಿಸಿದ್ದರು, ರಿಬ್ಬನ್ನಿನಂಥ ಉದ್ದ ಎಲೆಯದು, ತವರಿನ ಗಿಡ ಎಂದು ವಿಜಯಾ ಎದ್ದು ಬಂದು ತಾನೇ ನೆಟ್ಟಳು, ಕಂಬ ಬಿಟ್ಟು ಎದ್ದದ್ದು ಅವತ್ತೇ ಮೊದಲು. ಅಮ್ಮಾ, ಈ ನೀರು ಮಾತ್ರ ಚೆಲ್ಲಬ್ಯಾಡ, ಮೊದಲು ನೀರು ಬದುಕಬೇಕು, ಆಮ್ಯಾಲೆ ಮೀನು, ಅಂದ ವಾಸುದೇವ, ಕಣ್ಣಿಗೆ ಕಾಣದ ಜೀವಗಳು ಮರಳಿನಲ್ಲಿ ಮನೆ ಮಾಡಿಕೊಂಡು ಮೀನಿನ ಹೊಲಸನ್ನೆಲ್ಲ ಅವೇ ತಿಂದು ಹದ ಮಾಡುತ್ತವಂತೆ, ಸಾಲಿ ಹುಡುಗರಿಗೆ ಹೇಳಿದ ಹಾಗೆ ತಾಯಿಗೂ ಹೇಳಿದ, ಇವಳು ಹೂಂ ಅಂದಳು, ಒಳಗೆ ಮಾತ್ರ ನೀರಿನ ವಿಷಯ ಈ ಪೋರ ನನಗೆ ಕಲಿಸುತ್ತಾನೆ ನೋಡು ಅಂದುಕೊಂಡಳು. ಜ್ಯೇಷ್ಠದಲ್ಲಿ ಮದ್ರಾಸಿನಿಂದ ಅವನ ಗೆಳೆಯನೊಬ್ಬ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿಕೊಂಡು ಡಬ್ಬಿಯಲ್ಲಿ ಆರು ಮೀನು ತಂದುಕೊಟ್ಟ, ಕೆಂಪಗೆ, ಕುಂಕುಮದ ಹಾಗೆ. ವಿಜಯಾ ಗಾಜಿಗೆ ಬೆರಳಿಟ್ಟಳು, ಒಂದು ಮೀನು ಬೆರಳಿನ ಹಿಂದೆ ಹೋಯಿತು, ಅತ್ತೆಯವರ, ಇಲ್ಲಿ ನೋಡ್ರಿ, ಇದು ನನ್ನ ಬೆರಳಿನ ಹಿಂದೇ ಬರ್ಲಿಕ್ಕೆ ಹತ್ತ್ಯದ, ಅಂತ ಹಲ್ಲು ಕಾಣುವ ಹಾಗೆ ನಕ್ಕಳು. ಅಡಿಗೆಮನೆಯಿಂದ ಅದನ್ನು ಕೇಳಿದ ಸರಸ್ವತಿಬಾಯಿಯ ಕಣ್ಣು ತುಂಬಿತ್ತು, ಇದು ಸುಳ್ಳಲ್ಲ, ದೇವರ ಮುಂದೆ ಎರಡು ಬತ್ತಿ ಹೆಚ್ಚಿಗೆ ಹಚ್ಚಿದಳು.

ಹಾಗಿದ್ದೂ ಅದನ್ನು ಕೆಡಿಸಿದವಳೂ ಅವಳೇ. ಪ್ರಥಮ ಏಕಾದಶಿಯ ಹಿಂದಿನ ದಿನ, ಚಾತುರ್ಮಾಸ್ಯ ಕೂಡುತ್ತದೆ, ಮನೆಯ ಮೂಲೆಮೂಲೆಯೂ ಶುದ್ಧವಾಗಬೇಕು, ವಾಸುದೇವ ಸಾಲಿಯ ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋಗಿದ್ದ, ಜಂತಿಯ ಜೇಡ ತೆಗೆದಾಯಿತು, ದೇವರ ಮನೆ ಸಾರಿಸಿದ್ದಾಯಿತು, ನಡುಮನೆಗೆ ಬಂದರೆ ಆ ತೊಟ್ಟಿ, ಗಾಜಿಗೆಲ್ಲ ಪಾಚಿ, ಎರಡು ತಿಂಗಳ ಹಳೇ ನೀರು, ದೇವರ ಮನೆಗೆ ಹತ್ತೇ ಹೆಜ್ಜೆ. ಆ ನೀರಿನೊಳಗೆ ಜೀವಗಳು ಹೇಗಿರುತ್ತವೋ ಪಾಪ, ನಾವು ನಿನ್ನೆಯ ನೀರು ಕುಡಿಯುವುದಿಲ್ಲ, ಅವು ಎರಡು ತಿಂಗಳದ್ದು ಕುಡಿಯುತ್ತಿವೆ ಎಂದು ಕರುಣೆಯೇ ಬಂತು, ಕರುಣೆಯಿಂದಲೇ ಮಾಡಿದ್ದು, ಇದನ್ನು ಯಾರ ಮುಂದೆ ಹೇಳಲಿ. ಮೀನುಗಳನ್ನು ಪಾತ್ರೆಗೆ ಹಾಕಿ, ಗಿಡ ಕಿತ್ತು ಹಿತ್ತಲಿಗೆ ಎಸೆದು, ನೀರೆಲ್ಲ ತೆಂಗಿನ ಬುಡಕ್ಕೆ ಚೆಲ್ಲಿ, ಮರಳನ್ನೂ ಗಾಜನ್ನೂ ಅಂಟವಾಳದ ಕಾಯಿ ನೆನೆಸಿದ ನೀರಿನಿಂದ ನೊರೆ ಬರುವ ಹಾಗೆ ತಿಕ್ಕಿದಳು, ರೇಷ್ಮೆಮಡಿ ಒಗೆಯುವ ಕಾಯಿ, ದೇವರ ಬೆಳ್ಳಿಗೂ ಅದೇ, ಅದಕ್ಕಿಂತ ಶುದ್ಧವಾದದ್ದು ಯಾವುದಿದೆ. ತಿಕ್ಕುತ್ತಿರುವಾಗ ವಿಜಯಾ ಬಚ್ಚಲಿನಿಂದ ಬಂದಳು, ಕೂದಲು ಒದ್ದೆ, ತೊಟ್ಟಿ ನೋಡಿದಳು, ಅತ್ತೆಯ ಕೈಯ ನೊರೆ ನೋಡಿದಳು, ಬಾಯಿ ತೆರೆದಳು. ಮಡಿ ಅದ, ದೂರ ನಿಲ್ಲು, ಅಂದಳು ಸರಸ್ವತಿಬಾಯಿ, ತಲೆ ಕೂಡ ಎತ್ತದೆ. ಆ ಬಾಯಿ ಮುಚ್ಚಿಕೊಂಡಿತು. ಹೊಸ ನೀರು ಥಳಥಳ ಹೊಳೆಯಿತು, ಮೀನು ಬಿಟ್ಟಳು, ಸಂಜೆ ದೀಪ ಹಚ್ಚುವ ಹೊತ್ತಿಗೆ ಆರೂ ಮೇಲೆ ಬಂದಿದ್ದವು, ಸಾಲಾಗಿ, ಬಾಯಿ ತೆರೆದು, ಮುಚ್ಚಿ, ತೆರೆದು, ಬೆಳಿಗ್ಗೆ ಹೊಟ್ಟೆ ಮೇಲೆ ಮಾಡಿದ್ದವು. ಹಿತ್ತಲು ಗುಡಿಸಲು ಬರುವ ಜಡೆಮ್ಮ, ಬಾದನಹಟ್ಟಿಯವಳು, ಕಿಟಕಿಯ ಆಚೆಯಿಂದ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು, ಅಂಟವಾಳ ಹಾಕಿ ತಿಕ್ಕೀರೇನ್ರೀ ಅಮ್ಮಾರ, ಯವ್ವಾ, ನಮ್ಮ ಕಡೀಗಿ ಹಳ್ಳದಾಗ ಮೀನ ಹಿಡಿಯಾಕ ಅದನ್ನ ಜಜ್ಜಿ ಹಾಕತಾರ, ನೊರಿ ಎದ್ದಿತೋ ಇಲ್ಲೋ ಮೀನ ತೇಲತಾವ, ಒಂದು ಮಾತು ಕೇಳಿದ್ರ ಹೇಳತಿದ್ದೆನಲ್ಲ. ಮೀನನ್ನು ಕೊಲ್ಲಲು ಊರೆಲ್ಲ ಬಳಸುವ ಕಾಯಿ ಯಾವುದೆಂದು ಮೀನು ಮುಟ್ಟದ ಮನೆಯವಳಿಗೆ ಹೇಗೆ ಗೊತ್ತಾಗಬೇಕು, ಹೌದು, ಗೊತ್ತಾಗಬೇಕಾದರೆ ಕೇಳಬೇಕಿತ್ತು. ವಿಜಯಾ ಆರನ್ನೂ ಬಾಳೆಲೆಯಲ್ಲಿ ಸುತ್ತಿ ತುಳಸಿಯ ಹಿಂದೆ ಹೂತಳು, ಅಳಲಿಲ್ಲ, ಬೈಯಲಿಲ್ಲ, ಎಂಟು ದಿನಕ್ಕೆ, ಇನ್ನೂ ದೂರವಿದ್ದ ನಾಗರಪಂಚಮಿಯ ನೆಪ ಮಾಡಿ ಅಣ್ಣನ ಜೊತೆ ತವರಿಗೆ ಹೋದಳು. ವಾಸುದೇವ ಊರಿಂದ ಬಂದವನು ಖಾಲಿ ತೊಟ್ಟಿ ನೋಡಿದ, ತಾಯಿಯನ್ನು ನೋಡಿದ, ಅಂದಿನಿಂದ ಅವನೂ ಹೂಂ, ಸಾಕು.

ಆರು ಮೀನಿಗೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ಓಣಿ ಕೇಳಿತು. ಮೀನಿಗಲ್ಲ. ಅದು ಇಬ್ಬರಿಗೇ ಗೊತ್ತು, ಅತ್ತೆಗೆ ಮತ್ತು ಸೊಸೆಗೆ, ವಾಸುದೇವನಿಗೂ ಗೊತ್ತಿಲ್ಲ, ವಿಜಯಾ ಹೇಳಿಲ್ಲ, ಹೇಳಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ. ಫಾಲ್ಗುಣದ ದ್ವಾದಶಿ, ಅವತ್ತೂ ಪಾರಣೆ, ಅವತ್ತೂ ನಸುಕಿನಲ್ಲೇ ಒಲೆ, ಸೂರ್ಯ ಹುಟ್ಟುವುದರೊಳಗೆ ನೈವೇದ್ಯ ಆಗಬೇಕು, ಬೆನ್ನ ಹಿಂದೆ ಗಾಜಿನ ಬಳೆಯ ಸದ್ದಾಯಿತು, ತಿರುಗಿದರೆ ವಿಜಯಾ, ಎಂಟು ತಿಂಗಳ ಹೊಟ್ಟೆ, ಇದೇ ಹೊಸ್ತಿಲಿನ ಆಚೆ, ಎರಡು ಕೈಯಲ್ಲೂ ಚೌಕಟ್ಟು ಹಿಡಿದುಕೊಂಡು, ಬಾಯಿ ತೆರೆದು. ಮಡಿ ಅದ, ದೂರ ನಿಲ್ಲು, ಪಾರಣಿ ಆಗ್ಲಿ. ಅಷ್ಟೇ ಅಂದದ್ದು, ಗಟ್ಟಿಯಾಗಿ ಕೂಡ ಅಲ್ಲ, ದಿನಾ ಅನ್ನುವ ಮಾತು, ನಲವತ್ತು ವರ್ಷದಿಂದ ಅನ್ನುವ ಮಾತು. ಅವಳು ನಿಂತಳು. ದೂರ ನಿಲ್ಲು ಅಂದರೆ ದೂರ ನಿಲ್ಲುವ ಹುಡುಗಿ, ಒಂದು ತಾಸು ನಿಂತಳು, ಆಮೇಲೆ ಕೂತಳು, ಪಾರಣೆ ಆಯಿತು, ಆಮೇಲೆ ಡಾಕ್ಟರಮ್ಮ ಬಂದಳು, ಕೂಸಿನ ಸದ್ದು ಕೇಳುತ್ತಿಲ್ಲ, ಸ್ವಲ್ಪ ಮೊದಲೇ ಕರೆದಿದ್ದರೆ ನೋಡಬಹುದಿತ್ತೇನೋ, ಆಗ ಉಳೀತಿತ್ತು ಅಂತಲೂ ಹೇಳಲಿಕ್ಕೆ ಬರೋದಿಲ್ಲ ಬಿಡ್ರಿ. ಆ ಇತ್ತೇನೋ ಎಂಬ ಒಂದು ಮಾತು ಸರಸ್ವತಿಬಾಯಿಗೆ ದಿನಾ ನೀರು ಸೇದುವಾಗಲೂ ಕೇಳಿಸುತ್ತದೆ. ಆ ಹೊತ್ತು ವಿಜಯಾ ಏನು ಹೇಳಲು ಬಂದಿದ್ದಳು, ಕೂಸು ಮಿಸುಕಾಡುತ್ತಿಲ್ಲ ಅಂತಲೇ, ಹೊಟ್ಟೆ ನೋಯುತ್ತದೆ ಅಂತಲೇ, ಇಲ್ಲ ಬರೀ ಭಯವಾಗುತ್ತದೆ ಅಂತಲೇ, ಕೇಳಬೇಕು ಎಂದು ಎಷ್ಟೋ ಸಲ ಹತ್ತಿರ ಹೋಗಿ ಬೇರೆ ಏನನ್ನೋ ಕೇಳಿ ಬಂದಳು, ಊಟ ಮಾಡ್ತೀಯೇನು, ಕೂದಲು ಹೆಣೀಲೇನು. ತಪ್ಪು ತನ್ನದೇ, ಇದನ್ನು ತಿರುಗಿಸಿ ಹೇಳಿ ಫಲವಿಲ್ಲ.

ಭಾದ್ರಪದದಲ್ಲಿ, ಅನಂತ ಚತುರ್ದಶಿಗೆ ಕಳಶದ ನೀರು ತರಲು ಹಿತ್ತಲಿಗೆ ಹೋದಾಗ, ಆಕಳು ತೀರಿಕೊಂಡ ಮೇಲೆ ಯಾರೂ ಮುಟ್ಟದ ಕಲ್ಲುಬಾನಿಯಲ್ಲಿ ಏನೋ ಹಸಿರು ಕಂಡಿತು. ಬಗ್ಗಿ ನೋಡಿದರೆ ರಿಬ್ಬನ್ನಿನಂಥ ಎಲೆ, ಬುಡದಲ್ಲಿ ಹೊಸ ಮೊಳಕೆ, ಒಂದು ಬಸವನಹುಳು ಬೇರೆ, ಎಸೆದ ಗಿಡವನ್ನು ಜಡೆಮ್ಮ ಸುಮ್ಮನಿರಲಾರದೆ ಮಳೆನೀರಿನ ಆ ಬಾನಿಗೆ ಹಾಕಿದ್ದಳಂತೆ, ಜೀವ ಐತಲ್ರೀ ಅದಕ್ಕ, ತಿಪ್ಪಿಗಿ ಹೆಂಗ ಒಗೀಲಿ. ಸರಸ್ವತಿಬಾಯಿ ಕಳಶ ತುಂಬಿಕೊಂಡು ಒಳಗೆ ಬಂದಳು, ವ್ರತ ಮುಗಿದ ಮಧ್ಯಾಹ್ನವೇ ತೊಟ್ಟಿಯನ್ನು ಮೂಲೆಯಿಂದ ಎಳೆದಳು. ಅಂಟವಾಳದ ಜಿಗುಟು ಹೋಗಲಿ ಎಂದು ಬರೀ ನೀರಿನಲ್ಲಿ ಹತ್ತು ಸಲ ಜಾಲಿಸಿದಳು, ಜಡೆಮ್ಮನ ಗಂಡ ಮೂಕಪ್ಪ ಮರಳಿನ ಬಂಡಿ ಹೊಡೆಯುವವನು, ಹಗರಿಯಿಂದ ಒಂದು ಬುಟ್ಟಿ ಹೊಸ ಮರಳು ತಂದುಕೊಟ್ಟ, ಬಾನಿಯ ತಳದ ಹಳೇ ಕೆಸರು ಒಂದು ಹಿಡಿ ಅದರೊಳಗೆ ಕಲಸಿದಳು, ಮಗ ಹಿಂದೆ ಮಾಡಿದ್ದನ್ನು ಕಣ್ಣು ನೆನಪಿಟ್ಟಿತ್ತು, ಮರಳು ಕದಡದಿರಲೆಂದು ಹಳೇ ತಟ್ಟೆಯೊಂದನ್ನು ಇಟ್ಟು ಅದರ ಮೇಲೆ ಮೆಲ್ಲಗೆ ನೀರು ಹೊಯ್ದಳು, ಮಡಿಯ ತಾಮ್ರದ ಕೊಡ ಮುಟ್ಟಿಸುವ ಹಾಗಿಲ್ಲವಲ್ಲ, ಜಡೆಮ್ಮನ ಮಣ್ಣಿನ ಗಡಿಗೆಯಲ್ಲೇ ಹೊತ್ತು ತಂದಳು. ನಾಲ್ಕನೇ ಬೆಳಿಗ್ಗೆ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು, ವಾಸನೆಯೂ ಬಂತು, ತಂಬಿಗೆ ತಂದು ಮುಳುಗಿಸಿಯೂ ಬಿಟ್ಟಿದ್ದಳು, ಹಿತ್ತಲ ಬಾಗಿ‌ಲಿನಲ್ಲಿ ಜಡೆಮ್ಮ ಕಸಬರಿಗೆ ಹಿಡಿದು ನಿಂತು ಏನೋ ಹೇಳಲೋ ಬೇಡವೋ ಎಂದು ಬಾಯಿ ಅರ್ಧ ತೆರೆದಿದ್ದಳು. ಸರಸ್ವತಿಬಾಯಿ ತಂಬಿಗೆ ನಿಲ್ಲಿಸಿದಳು. ಹೇಳ ಜಡೆಮ್ಮಾ, ಏನು. ಚೆಲ್ಲಬ್ಯಾಡ್ರೀ ಅಮ್ಮಾರ, ನಮ್ಮೂರಾಗ ಹೊಸಾ ಕೆರಿಕಟ್ಟಿ ತುಂಬಿದಾಗ ಹಿಂಗ ಹಾಲಿನಂಗ ಆಗಿತ್ತು, ಮಂದಿ ಹೆದರಿದ್ರು, ಹದಿನೈದು ದಿನದಾಗ ತಾನಾ ತಿಳಿ ಆತು ನೋಡ್ರಿ. ಇವಳು ತಂಬಿಗೆಯ ನೀರನ್ನು ತೊಟ್ಟಿಗೇ ತಿರುಗಿ ಬಿಟ್ಟಳು. ಒಂದು ಮಾತು ಕೇಳಲು ಇಷ್ಟೇ ಸಾಕಿತ್ತೇ, ಕೈ ನಿಲ್ಲಿಸುವುದು, ತಲೆ ಎತ್ತುವುದು.

ಹತ್ತನೇ ದಿನವೋ ಹನ್ನೊಂದೋ, ಬೆಳಿಗ್ಗೆ ತೊಟ್ಟಿಯ ಹಲಗೆಯ ಮೇಲೆ ಒಂದು ನೋಟುಪುಸ್ತಕ, ಸಾಲಿ ಹುಡುಗರಿಗೆಂದು ವಾಸುದೇವ ಬರೆದ ಪಾಠ, ಹಾಳೆ ಮಡಿಚಿ ಗುರುತು ಮಾಡಿದೆ. ಇಷ್ಟು ದಿನ ನೋಡಿಯೂ ನೋಡದವನ ಹಾಗೆ ಓಡಾಡುತ್ತಿದ್ದ ಮಗ, ಜಗುಲಿಯ ಮೇಲೆ ಗಂಡಸರು ಬಳ್ಳಾರಿ ಮೈಸೂರಿಗೋ ಆಂಧ್ರಕ್ಕೋ ಎಂದು ಕೂಗಾಡುತ್ತಿದ್ದರೆ ಅವರ ನಡುವೆ ಕೂತು ಕಣ್ಣಿನ ತುದಿಯಿಂದ ಒಳಗೆ ತೊಟ್ಟಿಯನ್ನೇ ನೋಡುತ್ತಿದ್ದನೋ ಏನೋ. ಓದಿದಳು, ಅಕ್ಷರ ಅಕ್ಷರ ಕೂಡಿಸಿ. ನೀರು ಮೊದಲು ಬೆಳ್ಳಗಾಗುವುದು, ಅಂಜಬೇಡಿ. ಗಾಜಿಗೆ ಹಸಿರು ಹಿಡಿಯುವುದು, ಅದು ಒಳ್ಳೆಯ ಗುರುತು. ತಾಮ್ರದ ಪಾತ್ರೆ ಸಲ್ಲದು, ಮೀನಿಗೆ ವಿಷ — ಇದನ್ನು ಓದಿ ಅವಳಿಗೆ ನಗು ಬಂತು, ಮಡಿ ಕೆಡಬಾರದೆಂದು ಮಣ್ಣಿನ ಗಡಿಗೆ ಹಿಡಿದದ್ದು ಹೀಗೆ ಒದಗಿತಲ್ಲ. ಎಲ್ಲ ಹದಕ್ಕೆ ಬಂದ ಮೇಲೆಯೂ ಒಂದೇ ಒಂದು ಗಟ್ಟಿ ಮೀನನ್ನು ಬಿಟ್ಟು ಎಂಟು ದಿನ ನೋಡಿ, ಅದು ಬದುಕಿದರೆ ಉಳಿದವು. ಒಂದೂವರೆ ತಿಂಗಳು ಕಳೆದು, ನೀರು ಬಾವಿಯ ನೀರಿಗಿಂತ ತಿಳಿಯಾದ ಮೇಲೆ, ಒಂಬತ್ತು ದಿನದ ಹಿಂದೆ ಜಡೆಮ್ಮ ಕುರುಗೋಡಿನ ಸಂತೆಗೆ ಹೋದವಳು ಅಲ್ಲಿಯ ಹೊಂಡದಿಂದ ಪುಟ್ಟ ಗಡಿಗೆಯಲ್ಲಿ ಒಂದು ಮೀನು ತಂದಳು, ಬಣ್ಣವಿಲ್ಲ ಗಿಣ್ಣವಿಲ್ಲ, ಬೂದಿಯ ಬಣ್ಣ, ಬೆನ್ನಿಗೊಂದು ಕಪ್ಪು ಗೆರೆ. ಗಡಿಗೆಯನ್ನು ತೊಟ್ಟಿಯ ನೀರಿನಲ್ಲೇ ತೇಲಲು ಬಿಟ್ಟು, ಆ ನೀರಿನ ತಂಪು ಇದಕ್ಕೆ ಬರಲಿ ಎಂದು ಕಾದು, ಆಮೇಲೆ ಬಗ್ಗಿಸಬೇಕು, ಪುಸ್ತಕದಲ್ಲಿ ಬರೆದಿದೆ.

ಕಾಯುತ್ತ ಕೂತಾಗ ಕುರುಗೋಡೇ ಕಣ್ಣಿಗೆ ಬಂದಿತ್ತು, ಗುಡ್ಡದ ಕೆಳಗಿನ ಆ ಹೊಂಡ, ಪಾವಟಿಗೆಯ ಮೇಲೆ ಕೂತು ಕಾಲು ಇಳಿಬಿಟ್ಟರೆ ಮೀನು ಬಂದು ಕಚಗುಳಿ ಇಡುತ್ತಿದ್ದವು, ಹಳೇ ನೀರು, ಅಜ್ಜನ ಕಾಲದಿಂದ ಯಾರೂ ಚೆಲ್ಲದ ನೀರು, ಅದರಲ್ಲೇ ಸಂಧ್ಯಾವಂದನೆ, ಅದನ್ನು ಮೈಲಿಗೆ ಎಂದು ಯಾರೂ ಅಂದಿರಲಿಲ್ಲ, ಅದು ಹೇಗೆ ಮರೆತೆ. ಅಲ್ಲಿಂದ ಈ ಮನೆಗೆ ಬಂದ ನಾಲ್ಕನೇ ದಿನ, ಹನ್ನೊಂದು ವರ್ಷದ ಸರಸ್ವತಿ ಇದೇ ಹೊಸ್ತಿಲಿನ ಆಚೆ ನಿಂತಿದ್ದಳು, ಹೊಟ್ಟೆನೋವೋ ತಾಯಿಯ ನೆನಪೋ, ಬಾಯಿ ತೆರೆದರೆ ಮಾತು ಬರಲಿಲ್ಲ, ಒಲೆಯ ಮುಂದಿದ್ದ ಅತ್ತೆ, ಓಣಿಯಲ್ಲೇ ಮಡಿಗೆ ಹೆಸರಾದ ಹೆಂಗಸು, ತಿರುಗಿ ನೋಡಿದಳು, ಎದ್ದು ಬಂದಳು, ಹಣೆ ಮೇಲೆ ಕೈ ಇಟ್ಟಳು. ಮಡಿ ಹೋತಲ್ರೀ ಅತ್ತೀ ಅಂತ ಹುಡುಗಿಯೇ ಹೆದರಿದ್ದು. ಹೋದ್ರ ಹೋಗ್ಲಿ ಬಿಡ, ಬಾವ್ಯಾಗ ನೀರಿಲ್ಲೇನು, ಇನ್ನೊಂದು ಕೊಡ ಹೊಯ್ಕೊಂಡ್ರಾತು, ನೀ ಹೇಳು. ನಲವತ್ತೊಂದು ವರ್ಷ ಅತ್ತೆಯ ಮಡಿಯನ್ನು ಕಲಿತಳು, ಒಂದು ಎಳೆ ತಪ್ಪದ ಹಾಗೆ ಕಲಿತಳು, ಇದೊಂದನ್ನು ಕಲಿಯಲಿಲ್ಲ.

ಮೀನು ಇನ್ನೂ ಮೇಲೆಯೇ ಇದೆ. ಒಂಬತ್ತು ದಿನ ತಳದಲ್ಲಿ, ಎಲೆಯ ನೆರಳಿನಲ್ಲಿ ಆರಾಮಾಗಿದ್ದದ್ದು ಇವತ್ತೇಕೆ, ಸಾಯಲು ಈ ದ್ವಾದಶಿಯೇ ಬೇಕಿತ್ತೇ, ವಿಜಯಾ ಬಂದು ಹೊಸ್ತಿಲು ದಾಟುವ ಹೊತ್ತಿಗೆ ಹೊಟ್ಟೆ ಮೇಲೆ ಮಾಡಿ ತೇಲಿದರೆ ಇನ್ನು ಹೇಳುವುದು ಕೇಳುವುದು ಏನು ಉಳಿಯಿತು, ಕೊಡ ಹತ್ತಿರವೇ ಇದೆ, ಅರ್ಧ ನೀರಾದರೂ — ಬೇಡ. ಸರಸ್ವತಿಬಾಯಿ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡಳು, ಹಟಮಾರಿ ಮಕ್ಕಳನ್ನು ಹಿಡಿದುಕೊಂಡ ಹಾಗೆ. ನೋಡು, ಸುಮ್ಮನೆ ನೋಡು, ಆ ಆರು ಏದುಸಿರು ಬಿಡುತ್ತಿದ್ದವು, ಓಲಾಡುತ್ತಿದ್ದವು, ಇದು ಓಲಾಡುತ್ತಿಲ್ಲ, ನೆಟ್ಟಗೆ ನಿಂತಿದೆ, ಬಾಲ ಚುರುಕಾಗಿದೆ, ಇವಳು ಹೊಸ್ತಿಲಿನಲ್ಲಿ ಆ ಕಡೆ ಈ ಕಡೆ ಸರಿದರೆ ಅದೂ ಆ ಕಡೆ ಈ ಕಡೆ ಸರಿಯುತ್ತದೆ. ಗವಾಕ್ಷಿಯ ಬಿಸಿಲು ತೊಟ್ಟಿಗೆ ಬರುವ ಹೊತ್ತು, ದಿನಾ ಇದೇ ಹೊತ್ತಿಗಲ್ಲವೇ ಚಿಟಿಕೆ ಅಕ್ಕಿಹಿಟ್ಟು ಹಾಕುತ್ತಿದ್ದದ್ದು, ಇವತ್ತು ಹಬ್ಬದ ಗಡಿಬಿಡಿಯಲ್ಲಿ, ಬಸ್ಸಿನ ಚಿಂತೆಯಲ್ಲಿ ಮರೆತೇಬಿಟ್ಟಳಲ್ಲ, ಅಯ್ಯೋ ಹುಚ್ಚಿ, ಅದಕ್ಕೆ ಹಸಿವಾಗಿದೆ. ಹಸಿವಾದದ್ದಕ್ಕೆ ಬಾಯಿ ತೆರೆದು ಕೇಳುತ್ತಿದೆ, ಅಷ್ಟೆ, ಕೇಳಿದರೆ ಸಿಗುತ್ತದೆ ಎಂದು ಒಂಬತ್ತು ದಿನದಲ್ಲಿ ಕಲಿತಿದೆ. ಅವಳಿಗೆ ಅಳು ಬಂತು, ಒಬ್ಬಳೇ ನಿಂತು ಗಟ್ಟಿಯಾಗಿ ಅತ್ತಳು, ಮುಖ ಒರೆಸಿಕೊಂಡು ಒಳಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದಳು, ಹಯಗ್ರೀವ ತಳ ಹಿಡಿಯದ ಹಾಗೆ ಇಳಿಸಿದಳು.

ಓಣಿಯ ತಿರುವಿನಲ್ಲಿ ಕುದುರೆಯ ಗೊರಸು. ಜಟಕಾದ ಗಂಟೆ. ವಾಸುದೇವನ ದನಿ, ಮೆಲ್ಲಗೆ ಇಳಿ. ಟ್ರಂಕು ಇಳಿಸಿದ ಸದ್ದು ಕೇಳಲಿ ಎಂದು ಕಿವಿ ಕಾಯುತ್ತದೆ, ಇಲ್ಲ, ಟ್ರಂಕಿಲ್ಲ, ಕೈಚೀಲವೊಂದೇ, ಉಳಿಯಲು ಬಂದವಳಲ್ಲ ಹಾಗಾದರೆ. ಜಗುಲಿ, ಕಾಲು ತೊಳೆದ ನೀರು, ನಡುಮನೆ, ಬಳೆಯ ಸದ್ದು, ಬಂದಳು, ಸ್ವಲ್ಪ ತುಂಬಿಕೊಂಡಿದ್ದಾಳೆ, ತವರಿನ ಊಟ, ತೊಟ್ಟಿಯ ಮುಂದೆ ನಿಂತಳು, ರಿಬ್ಬನ್ನಿನ ಎಲೆ ನೋಡಿದಳು, ತಾನು ನೆಟ್ಟ ಗಿಡ, ಅದರ ಮರಿಗಳು, ಬಸವನಹುಳು, ಮೇಲೆ ಬಂದು ಕೇಳುತ್ತಿರುವ ಬೂದಿಬಣ್ಣದ ಆ ಒಂದೇ ಒಂದು ಮೀನು. ಆಮೇಲೆ ಅಡಿಗೆಮನೆಯ ಕಡೆ ಬಂದು, ಕಲಿಸಿದ ಹಾಗೆಯೇ, ಹೊಸ್ತಿಲಿಗೆ ಮಾರು ದೂರದಲ್ಲಿ ನಿಂತು ಚೌಕಟ್ಟಿನತ್ತ ಕೈ ಚಾಚಿದಳು, ಮುಟ್ಟಲಿಲ್ಲ, ಬಾಯಿ ತೆರೆದಳು. ಮಡಿ — ಮಾತು ಸರಸ್ವತಿಬಾಯಿಯ ತುಟಿಯ ತನಕ ಬಂದೇಬಿಟ್ಟಿತ್ತು, ಅವಳ ಬಾಯಿಯೂ ತೆರೆದಿತ್ತು, ತೆರೆದದ್ದು ಮುಚ್ಚಿತು, ಹಿಟ್ಟಿನ ಡಬ್ಬಿ ಕೆಳಗಿಟ್ಟಳು, ಹೊಸ್ತಿಲು ದಾಟಿದಳು, ಹಿಟ್ಟು ಮೆತ್ತಿದ ಕೈಯಲ್ಲೇ ಸೊಸೆಯ ಮಣಿಕಟ್ಟು ಹಿಡಿದಳು. ಅತ್ತೆಯವರ, ಮಡಿ ಹೋತ್ರಿ, ಅಂದಳು ವಿಜಯಾ ಗಾಬರಿಯಾಗಿ. ಹೋಗ್ಲಿ ಬಿಡ. ಬಾವ್ಯಾಗ ನೀರದ. ನನ್ನ ತಪ್ಪಾತು ವಿಜಯಾ, ಅವತ್ತು ನೀ ಇಲ್ಲೇ ನಿಂತು ಏನೋ ಹೇಳ್ಲಿಕ್ಕೆ ಬಂದಿದ್ದಿ, ನಾ ಕೇಳ್ಲಿಲ್ಲ, ಈಗ ಹೇಳು. ಗೋಡೆಯ ಮೇಲೆ ಬೆಳಕು ನಡುಗಿತು, ಅಂದರೆ ನೀರು, ಅಂದರೆ ಮೀನು, ಅದಕ್ಕಿನ್ನೂ ಹಿಟ್ಟು ಹಾಕಿಲ್ಲ, ಹಾಕಿದರಾಯಿತು, ಇನ್ನೇನೂ ಇಲ್ಲ, ಒಲೆಯಿಲ್ಲ, ಮಡಿಯಿಲ್ಲ, ಅತ್ತೆಯವರ, ಅವತ್ತು, ಅಂದಳು ವಿಜಯಾ, ಅಷ್ಟಕ್ಕೆ ನಿಂತಳು, ಸರಸ್ವತಿಬಾಯಿ ಕಾಯುತ್ತಾಳೆ, ತಲೆ ಎತ್ತಿ, ಕೈ ಬಿಡದೆ, ಆ ತುಟಿಗಳನ್ನೇ ನೋಡುತ್ತ, ಅವು ಮುಚ್ಚುವುದಿಲ್ಲ, ತೆರೆಯುತ್ತವೆ, ಬಾಯಿ, ಆ ಬಾಯಿ, ತೆರೆದ ಬಾಯಿ —